ನೆಲದ ಮೇಲೆ ನಿಂತು ಎಣಿಸಿದ ಬಂದಳಿಕೆ

ಮೊದಲ ಸಲ ಅವರು ಫೋನ್ ಮಾಡಿದ್ದು ದೂರು ಹೇಳಲು. ಆ ದಿನ ನಮ್ಮ ಪತ್ರಿಕೆಯ ಸಂಪಾದಕೀಯದಲ್ಲಿ ಪಕ್ಷಾಂತರಿಗಳನ್ನು ಬಂದಳಿಕೆಗಳು ಎಂದು ಕರೆಯಲಾಗಿತ್ತು. ಸಂಪಾದಕೀಯ ಬರೆಯುವವರು ಕೂರುವುದು ನಗರದ ಮುಖ್ಯ ಕಚೇರಿಯಲ್ಲಿ. ಹೊಸೂರು ರಸ್ತೆಯ ಸುದ್ದಿ ನೋಡಿಕೊಳ್ಳುವ ನಾನು ಕೂರುವುದು ಹೆಬ್ಬಗೋಡಿಯಲ್ಲಿ, ಬೇಕರಿಯೊಂದರ ಮೇಲಿನ ಕೋಣೆಯಲ್ಲಿ. ಅವರ ಮನೆಗೆ ಹತ್ತಿರವಿದ್ದ ಕಚೇರಿ ಅದೇ ಆದ್ದರಿಂದ ಬೈಗುಳ ನನ್ನ ಪಾಲಿಗೆ ಬಂತು.

“ಬಂದಳಿಕೆ ನೋಡೀರೇನ್ರಿ ನೀವು?”

“ನೋಡಿದ್ದೀನಿ ಮೇಡಂ. ಮರದ ಮೇಲೆ ಬೆಳೆಯೋದು.”

“ಅದು ಒಂದು ಸಲ ಒಂದು ಕೊಂಬಿ ಹಿಡೀತು ಅಂದ್ರ ಸಾಯೂತನಕ ಅದ ಕೊಂಬಿ. ಮರ ಸತ್ರ ಅದೂ ಸಾಯ್ತೈತಿ. ನಿಮ್ಮ ಪಕ್ಷಾಂತರಿ ಹಂಗ ಅದಾನೇನು? ಬ್ಯಾರೆ ಪದ ಹುಡುಕ್ರಿ.”

ಫೋನ್ ಇಟ್ಟರು. ವಿಷಯವನ್ನು ಮುಖ್ಯ ಕಚೇರಿಗೆ ತಿಳಿಸಿದೆ. ಅಲ್ಲಿದ್ದವರು ನಕ್ಕರು. ಆ ಪದ ಪತ್ರಿಕೆಯಲ್ಲಿ ಆಮೇಲೂ ಬರುತ್ತಿತ್ತು. ಬಂದಾಗಲೆಲ್ಲ ಅವರ ಫೋನೂ ಬರುತ್ತಿತ್ತು.

ಅವರು ತೀರಿಕೊಂಡದ್ದು ಕಳೆದ ಬೇಸಿಗೆಯಲ್ಲಿ. ನಿಧನ ವಾರ್ತೆಯನ್ನು ನಾನೇ ಬರೆದೆ. ಸಸ್ಯವಿಜ್ಞಾನದ ನಿವೃತ್ತ ಪ್ರಾಧ್ಯಾಪಕಿ, ಪರಾವಲಂಬಿ ಸಸ್ಯಗಳ ಸಂಶೋಧಕಿ, ಒಬ್ಬ ಮಗಳನ್ನು ಅಗಲಿದ್ದಾರೆ, ಆರು ಸಾಲು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಓದಿದವರಿಗೆ ಅವರ ಬಗ್ಗೆ ಏನೂ ತಿಳಿಯುವಂತಿರಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಆನೇಕಲ್‌ನಿಂದಾಚೆ ಕಾಡಂಚಿನ ಹಳ್ಳಿಗಳಲ್ಲಿ ಅವರನ್ನು ಮೂವತ್ತು ವರ್ಷ ಕಂಡವರಿಗೂ ಹೆಸರು ಗೊತ್ತಿರಲಿಲ್ಲ. ಆ ಜನರ ಪಾಲಿಗೆ ಇವರು ‘ಬಂದಳಿಕೆ ಮೇಡಂ’.

ಊರು ರಾಣೆಬೆನ್ನೂರಿನ ಕಡೆ. ಬೆಂಗಳೂರಿಗೆ ಬಂದು ಮೂರೂವರೆ ದಶಕವಾಗಿದ್ದರೂ ಮಾತು ಅಲ್ಲಿಯದೇ ಉಳಿದಿತ್ತು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ. ಕಾಡಿಗೆ ಹೋದರೂ ಬೆಳಗಿನ ಪೂಜೆ ತಪ್ಪಿಸುತ್ತಿರಲಿಲ್ಲ. ಯಾವುದಾದರೂ ಬಂಡೆಯ ಮೇಲೆ ಹತ್ತು ನಿಮಿಷ ಕೂತು ಮುಗಿಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅರಣ್ಯ ರಕ್ಷಕನೊಬ್ಬ ಕರಡಿಗೆಯನ್ನು ಅಳತೆಯ ಉಪಕರಣ ಎಂದುಕೊಂಡು, “ಮೇಡಂ, ಇದು ಏನ್ ತೋರಿಸುತ್ತೆ?” ಎಂದು ಕೇಳಿದ್ದನಂತೆ. “ಅದು ಏನೂ ತೋರ್ಸೂದಿಲ್ಲಪ. ನೋಡ್ತೈತಿ, ಅಷ್ಟ” ಎಂದರಂತೆ ಇವರು.

ಬಂದಳಿಕೆಯನ್ನು ಅವರು ಆರಿಸಿಕೊಂಡದ್ದಲ್ಲ. ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ವಿಷಯ ಹಂಚಿದರು. ಒಬ್ಬನಿಗೆ ಕಾಡಿನ ಸೀತಾಳೆ ಹೂಗಳು ಸಿಕ್ಕವು, ಇನ್ನೊಬ್ಬನಿಗೆ ಔಷಧಿ ಗಿಡಗಳು. ತಡವಾಗಿ ಸೇರಿದ ಇವರಿಗೆ ಯಾರಿಗೂ ಬೇಡವಾದದ್ದು ಉಳಿದಿತ್ತು. “ಮದವಿ ಊಟದಾಗ ಕಡೀ ಪಂಕ್ತಿಗೆ ಕುಂತ್ರ ಅನ್ನ ಸಾರ ಗತಿ. ನಾ ಅದನ್ನ ಹೊಟ್ಟಿ ತುಂಬ ಉಂಡೆ” ಎಂದು ಅವರೇ ಹೇಳುತ್ತಿದ್ದರು.

ಆಮೇಲೆ ಹೊಸೂರು ರಸ್ತೆಯ ಬದಿಯ ಒಂದು ಕಾಲೇಜಿನಲ್ಲಿ ಕೆಲಸ. ಮೊದಲ ವರ್ಷದ ಮೊದಲ ತರಗತಿಯನ್ನು ಅವರು ಎಲ್ಲ ಬ್ಯಾಚಿಗೂ ಒಂದೇ ರೀತಿ ಶುರು ಮಾಡುತ್ತಿದ್ದರಂತೆ. ಶ್ರೀಗಂಧದ ಒಂದು ಚೂರನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಮೂಸಿದ ಮೇಲೆ ಹೇಳುವುದು: “ಇದು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬೆಳೆದದ್ದು. ಕದಿಯೂದು ಮಣ್ಣಿನೊಳಗ ಅಂತ ಯಾರಿಗೂ ಕಾಣೂದಿಲ್ಲ, ದೇವರ ಕ್ವಾಣಿಗೂ ಬರ್ತೈತಿ. ಬಂದಳಿಕೆ ಎಲ್ಲಾರ ಮುಂದ ಕದೀತೈತಿ, ಅದಕ್ಕ ಬೈಸ್ಕೊಳ್ತೈತಿ.” ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರೆಯೇ ಕೆಲಸ ಮಾಡುತ್ತಿರುವ ಮೂವರನ್ನು ಮಾತಾಡಿಸಿದ್ದೇನೆ. ಮೂವರಿಗೂ ಪಾಠ ಮರೆತಿತ್ತು, ಇದು ನೆನಪಿತ್ತು.

ಶನಿವಾರ ತರಗತಿ ಮುಗಿಸಿ ಆನೇಕಲ್ ಬಸ್ಸು ಹತ್ತಿದರೆ ಭಾನುವಾರ ಸಂಜೆಗೆ ಮನೆ. ಗಂಡ ಬೇಗ ತೀರಿಕೊಂಡಿದ್ದರು. ಮಗಳು ಚಿಕ್ಕವಳಿದ್ದಾಗ ಅವಳನ್ನೂ ಕರೆದೊಯ್ಯುತ್ತಿದ್ದರು. ಹೀಗೆ ಒಂದೇ ಕಾಡಿನ ಒಂದೇ ಭಾಗದಲ್ಲಿ ಗುರುತು ಹಾಕಿದ ನೆಲ್ಲಿಮರಗಳಿಗೆ ಅವರು ನಿವೃತ್ತಿಯವರೆಗೂ ಹೋದರು. ಯಾವ ಮರದ ಯಾವ ಕೊಂಬೆಯಲ್ಲಿ ಎಷ್ಟು ಬಂದಳಿಕೆ, ಯಾವುದು ಹೂ ಬಿಟ್ಟಿದೆ, ಯಾವುದು ಒಣಗಿದೆ ಎಂದು ಬರೆದುಕೊಳ್ಳುವುದೇ ಕೆಲಸ. ಬದನಿಕೆ ಎಂಬ ಹೆಬ್ಬೆರಳಿನಷ್ಟು ಹಕ್ಕಿ ಬಂದಳಿಕೆಯ ಹಣ್ಣು ತಿನ್ನುತ್ತದೆ. ಬೀಜ ಅಂಟು, ಹೊರಬಂದರೂ ಹಕ್ಕಿಯ ಮೈ ಬಿಡುವುದಿಲ್ಲ. ಹಕ್ಕಿ ಅದನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಮೊಳೆತು ಬೇರನ್ನು ತೊಗಟೆಯೊಳಕ್ಕೆ ಇಳಿಸುತ್ತದೆ. ಮರದಿಂದ ನೀರು ಹೀರಿದರೂ ಆಹಾರವನ್ನು ತನ್ನ ಹಸಿರು ಎಲೆಯಲ್ಲೇ ತಯಾರಿಸಿಕೊಳ್ಳುತ್ತದೆ. ನನಗೆ ಇದನ್ನು ಹೇಳಿಕೊಟ್ಟಾಗ ಅವರು ಬಳಸಿದ ಹೋಲಿಕೆ ಬೇರೆ: “ನೀರು ಮಾಲಕರದು, ಒಲಿ ತನ್ನದು. ಹೆಬ್ಬಗೋಡಿಯೊಳಗ ಬಾಡಿಗಿ ಖೋಲಿಯಾಗ ಇದ್ದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.”

ಒಂದು ದಿನ ಅವರು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಅಲ್ಲಿಯವರೆಗೆ ದನಿ ಮಾತ್ರ ಗೊತ್ತಿತ್ತು. ಕೈಯಲ್ಲಿ ನಮ್ಮದೇ ಪತ್ರಿಕೆಯ ಹಳೆಯ ತುಣುಕು, ನಾನು ಕೆಲಸಕ್ಕೆ ಸೇರುವ ಮೊದಲಿನದು. ಕಪ್ಪು ಬಿಳುಪು ಚಿತ್ರದಲ್ಲಿ ಅವರು ಒಣಗಿದ ನೆಲ್ಲಿಮರದ ಕೆಳಗೆ ನಿಂತಿದ್ದರು. ಅದರಲ್ಲಿ ಅವರ ಮಾತು ಹೀಗೆ ಅಚ್ಚಾಗಿತ್ತು: ‘ಬಂದಳಿಕೆ ಹಿಡಿದ ಮರ ಉಳಿಯುವುದಿಲ್ಲ. ಅಕ್ಕಪಕ್ಕದ ಮರಗಳಿಗೆ ಹರಡುವ ಮುನ್ನ ಕಡಿಯುವುದೇ ದಾರಿ.’

“ಇದಕ್ಕ ಒಂದು ತಿದ್ದುಪಡಿ ಹಾಕ್ರಿ” ಎಂದರು.

“ನೀವು ಹೇಳಿದ್ದನ್ನ ತಪ್ಪಾಗಿ ಬರೆದಿದ್ದಾರಾ ಮೇಡಂ?”

“ಇಲ್ಲ. ನಾ ಹೇಳಿದ್ದನ್ನ ಒಂದಕ್ಷರ ಬಿಡದಂಗ ಬರದಾರ. ನಾ ಹೇಳಿದ್ದ ತಪ್ಪು.”

ಪತ್ರಿಕೆಯಲ್ಲಿ ತಿದ್ದುಪಡಿಗೆ ಒಂದು ಕ್ರಮವಿದೆ. ನಮ್ಮಿಂದ ತಪ್ಪಾಗಿದ್ದರೆ ಹಾಕುತ್ತೇವೆ. ಹೇಳಿದವರು ವರ್ಷಗಳ ನಂತರ ತಮ್ಮ ಮಾತೇ ತಪ್ಪು ಎಂದು ಬಂದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ನಿಯಮವಿರಲಿಲ್ಲ, ಯಾಕೆಂದರೆ ಹಾಗೆ ಯಾರೂ ಬಂದಿರಲಿಲ್ಲ. ತಾವು ಹೇಳಿದ್ದನ್ನು ಹೇಳೇ ಇಲ್ಲ ಎನ್ನುವವರು ವಾರಕ್ಕೊಬ್ಬರು ಬರುತ್ತಿದ್ದರು.

ಕೂರಿಸಿ, ಕೆಳಗಿನಿಂದ ಚಹಾ ತರಿಸಿ, ಏನಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟುಕೊಂಡಿದ್ದೇನೆ.

ಸಂಶೋಧನೆಯ ಆರಂಭದ ಮೂರು ವರ್ಷ ಅವರು ಮರದಿಂದ ಮರಕ್ಕೆ ನಡೆದು, ಕತ್ತೆತ್ತಿ, ಬಂದಳಿಕೆ ಎಣಿಸಿದರು. ಒಣಗುತ್ತಿದ್ದ ಮರಗಳಲ್ಲಿ ಬಂದಳಿಕೆ ತುಂಬ ಸಿಕ್ಕಿತು, ದಟ್ಟವಾಗಿದ್ದ ಮರಗಳಲ್ಲಿ ಸಿಗಲೇ ಇಲ್ಲ. ಬಂದಳಿಕೆ ಮರವನ್ನು ಕೊಲ್ಲುತ್ತದೆ ಎಂದು ಪ್ರಬಂಧ ಬರೆದರು. ಅದಕ್ಕೆ ಡಾಕ್ಟರೇಟ್ ಬಂತು, ಕೆಲಸ ಸಿಕ್ಕಿತು, ಪತ್ರಿಕೆಯವರು ಬಂದು ಚಿತ್ರ ತೆಗೆದರು. ಅವರ ಮಾತಿನ ಮೇಲೆ ಆ ಕಾಡಿನಲ್ಲಿ ಒಂದಷ್ಟು ಮರಗಳ ಕೊಂಬೆ ಕಡಿಸಲಾಯಿತು.

ಕೊಂಬೆ ಕಡಿಯಲು ಮರ ಹತ್ತುತ್ತಿದ್ದವರು ಕಾಡಂಚಿನ ಹಳ್ಳಿಯ ಒಬ್ಬ ಹಿರಿಯರು. ನೆಲ್ಲಿಕಾಯಿ, ಜೇನು ಇಳಿಸುವುದು ಅವರ ಕಸುಬು. ಮಾತು ಕಡಿಮೆ. ಹಲವು ವರ್ಷ ಇವರು ಹೇಳಿದ ಕೊಂಬೆ ಕಡಿದ ಮೇಲೆ, ಒಂದು ದಿನ ಬುತ್ತಿ ಬಿಚ್ಚುವಾಗ ಆ ಹಿರಿಯರು ಹೇಳಿದರಂತೆ: “ಮೇಡಮ್ಮ, ನೀವು ಕೇಳ್ನಿಲ್ಲ, ನಾನೇಳ್ನಿಲ್ಲ. ಬಂದಳಿಕೆ ಹಸ್ರು ಮರದಾಗೂ ಐತೆ. ಬೇಕಾದಷ್ಟೈತೆ. ಎಲೆ ಅಡ್ಡ ಬತ್ತದೆ, ಕೆಳಗಿಂದ ನಿಮಗೆ ಕಾಣಾಕಿಲ್ಲ. ಒಣಗಿದ ಮರದಾಗೆ ಅದೊಂದೇ ಹಸ್ರು, ಅದ್ಕೇ ಕಾಣ್ತದೆ.”

“ಅವತ್ತ ಊಟ ಬಿಟ್ಟು ಎದ್ದೆ” ಎಂದರು ಮೇಡಂ. “ಅವರನ್ನ ಒಂದು ದಟ್ಟನ ಮರ ಹತ್ತಿಸಿದೆ. ಮ್ಯಾಲಿಂದ ಒಂದು, ಎರಡು, ಮೂರು ಅಂತ ಕೂಗಾಕತ್ತಿದ್ರು. ನಾ ಅದ ಮರಕ್ಕ ಮೂರು ವರ್ಷ ಸೊನ್ನಿ ಬರದಿದ್ದೆ. ಅವರು ಹನ್ನೊಂದಕ್ಕ ನಿಲ್ಲಿಸಿದ್ರು.”

ಆಮೇಲೆ ಅವರು ಆ ಹಿರಿಯರನ್ನು ಎಲ್ಲ ಮರಗಳಿಗೂ ಹತ್ತಿಸಿ ಮತ್ತೆ ಎಣಿಸಿದರು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಒಣಗಿದ ಮರ, ಹಸಿರು ಮರ ಎಂಬ ವ್ಯತ್ಯಾಸ ಅವರ ಲೆಕ್ಕದಲ್ಲಿ ನಿಲ್ಲಲಿಲ್ಲ. ಮರಗಳು ಒಣಗಿದ್ದಕ್ಕೆ ಮಳೆ ಕೈಕೊಟ್ಟದ್ದು ಕಾರಣವಿರಬಹುದು, ಬೆಂಕಿ ಇರಬಹುದು, ವಯಸ್ಸಿರಬಹುದು, ಕೆಲವಕ್ಕೆ ಬಂದಳಿಕೆಯೂ ಇರಬಹುದು. ಕೊಂಬೆ ಕಡಿಸಿದ ಮರಗಳು ಮಾತ್ರ ಒಂದೊಂದಾಗಿ ಸೊರಗಿದ್ದವು. ತಮ್ಮ ಹಳೆಯ ತೀರ್ಮಾನ ನಿಲ್ಲುವುದಿಲ್ಲ ಎಂದು ಅವರು ವಿಜ್ಞಾನದ ಪತ್ರಿಕೆಯೊಂದರಲ್ಲಿ ಬರೆದರು. ಮಾರ್ಗದರ್ಶಕರು ಆಮೇಲೆ ಮಾತು ಬಿಟ್ಟರು. ಕಾಲೇಜಿನಲ್ಲಿ ಒಬ್ಬರು, “ಹಂಗಾದ್ರೆ ಡಾಕ್ಟರೇಟ್ ವಾಪಸ್ ಕೊಡ್ತೀರಾ?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದರು. “ತಗೋತಾರ ಅಂದ್ರ ಕೊಡ್ತೀನಿ, ಚೌಕಟ್ಟು ನಂದು, ಅದನ್ನ ಬಿಟ್ಟು” ಎಂದರಂತೆ ಇವರು.

“ತಿದ್ದಿ ಆಗಿದೆಯಲ್ಲ ಮೇಡಂ, ಮತ್ತೆ ನಮ್ಮಲ್ಲಿ ಯಾಕೆ?” ಎಂದು ಕೇಳಿದೆ.

“ಅಲ್ಲಿ ತಿದ್ದಿದ್ದು ಇಂಗ್ಲಿಷಿನಾಗ. ಮರ ಕಡಿಯೋರು ಕನ್ನಡ ಓದ್ತಾರ್ರೀ. ಈ ಕಾಗದ ಇನ್ನೂ ಓಡಾಡ್ತೈತಿ. ಮೊನ್ನೆ ನನ್ನ ಫೋನಿಗೇ ಬಂತು, ನಮ್ಮ ಅಪಾರ್ಟ್‌ಮೆಂಟಿನವರು ಕಳ್ಸಿದ್ರು, ಕೆಳಗ ‘ಎಲ್ಲರಿಗೂ ತಿಳಿಸಿ’ ಅಂತ.”

ಸುದ್ದಿ ಸಂಪಾದಕರನ್ನು ಕೇಳಿದೆ. ಪತ್ರಿಕೆ ಮಾಡದ ತಪ್ಪಿಗೆ ಪತ್ರಿಕೆ ತಿದ್ದುಪಡಿ ಹಾಕಲಾಗದು ಎಂದರು. ಬೇಕಾದರೆ ಓದುಗರ ಪತ್ರ ಬರೆಯಲಿ ಎಂದರು. ಅವರು ಬರೆದರು, ಉದ್ದವಾಯಿತು. ನಾನು ಕಡಿಮೆ ಮಾಡಿ ಕಳಿಸಿದೆ. ಆ ವಾರ ಚುನಾವಣೆಯ ಪತ್ರಗಳು ತುಂಬಿದ್ದವು, ಅದು ಅಚ್ಚಾಗಲಿಲ್ಲ. ಮತ್ತೆ ಕಳಿಸಬಹುದಿತ್ತು. ನಾನು ಕಳಿಸಲಿಲ್ಲ.

ಒಂದು ವರ್ಷ ಕಳೆದಿರಬೇಕು. ಹೊಸೂರು ರಸ್ತೆಗೆ ಹೊಂದಿಕೊಂಡ ಒಂದು ಸಣ್ಣ ಕೈಗಾರಿಕಾ ಬಡಾವಣೆಯಲ್ಲಿ ಹದಿನೇಳು ಹೊಂಗೆ ಮರ ಕಡಿಯಲು ಅರ್ಜಿ ಬಿದ್ದಿದೆ, ಆಕ್ಷೇಪಣೆ ಇದ್ದವರು ಬರಬಹುದು ಎಂಬ ಸಾರ್ವಜನಿಕ ಪ್ರಕಟಣೆ ಬಂತು. ಸುದ್ದಿಗೆಂದು ಹೋಗಿ ಕಡತ ನೋಡಿದೆ. ಅರ್ಜಿ ಕೊಟ್ಟದ್ದು ಅಲ್ಲಿನ ಮಾಲೀಕರ ಸಂಘ. ಐದು ಮರ ಬಂದಳಿಕೆ ಹಿಡಿದು ಬೋಳಾಗಿವೆ, ಉಳಿದವಕ್ಕೂ ಹರಡುತ್ತದೆ, ಕೊಂಬೆ ಬಿದ್ದು ಒಬ್ಬ ಕಾರ್ಮಿಕನ ಭುಜ ಮುರಿದಿದೆ, ಎಲ್ಲವನ್ನೂ ತೆಗೆದರೆ ಕಂಟೇನರ್ ಲಾರಿ ತಿರುಗಲು ಜಾಗವೂ ಆಗುತ್ತದೆ ಎಂದಿತ್ತು. ಅರ್ಜಿಗೆ ಆಧಾರವಾಗಿ ಪಿನ್ ಹೊಡೆದಿದ್ದು ನಮ್ಮ ಪತ್ರಿಕೆಯ ಆ ಹಳೆಯ ತುಣುಕಿನ ಜೆರಾಕ್ಸ್.

ಮೇಡಂಗೆ ಫೋನ್ ಮಾಡಿದೆ. ಅಲ್ಲಿಗೆ ಯಾವ ಬಸ್ಸು ಎಂದಷ್ಟೇ ಕೇಳಿದರು.

ಅಹವಾಲು ಕೇಳುವ ದಿನ ಅವರು ಎರಡು ತಾಸು ಮೊದಲೇ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಹೊಂಗೆಯ ನೆರಳಲ್ಲಿ, ಪ್ಯಾಕಿಂಗ್ ಘಟಕದ ಹೆಂಗಸರ ಗುಂಪಿನ ನಡುವೆ ರೊಟ್ಟಿ ಮುರಿಯುತ್ತ ಕೂತಿದ್ದರು. ಅವರಲ್ಲಿ ಹೆಚ್ಚಿನವರು ಸಿಂಧನೂರು, ಮಾನ್ವಿ ಕಡೆಯಿಂದ ಬಂದು ಹೆಬ್ಬಗೋಡಿಯಲ್ಲಿ ಬಾಡಿಗೆಗೆ ಇದ್ದವರು. ಘಟಕದೊಳಗೆ ಊಟಕ್ಕೆ ಜಾಗವಿಲ್ಲದ್ದರಿಂದ ಮಧ್ಯಾಹ್ನ ಇಲ್ಲಿಯೇ ಕೂರುತ್ತಿದ್ದರು.

“ಅಕ್ಕಾರ, ನಿಮ್ಮ ರೊಟ್ಟಿ ಭಾಳ ಬಿರುಸಾಗ್ಯಾವು. ಬೆಂಗಳೂರು ನೀರಿಗೆ ಹಿಟ್ಟು ಹದಾ ಬಂದಿಲ್ಲ” ಎಂದಳು ಒಬ್ಬಳು.

“ಹಿಟ್ಟಲ್ಲ ತಂಗಿ, ಕೈ ಬಿರುಸು. ನನ್ನ ಮಗಳೂ ಅದನ್ನ ಅಂತಾಳ” ಎಂದರು ಮೇಡಂ.

ಅಹವಾಲು ಸಭೆ ನಡೆದದ್ದು ಸಂಘದ ಸಭಾಂಗಣದಲ್ಲಿ. ಅರಣ್ಯ ಇಲಾಖೆಯ ಅಧಿಕಾರಿ, ಸಂಘದ ಕಾರ್ಯದರ್ಶಿ, ಹತ್ತಾರು ಮಾಲೀಕರು, ಹಿಂದೆ ಈ ಹೆಂಗಸರು. ಕಾರ್ಯದರ್ಶಿ ಆನೇಕಲ್ ಕಡೆಯವರು, ಲೇತ್ ಯಂತ್ರಗಳ ಸಣ್ಣ ಕಾರ್ಖಾನೆ ಇಟ್ಟಿದ್ದವರು. ಕೆಟ್ಟ ಮನುಷ್ಯರಲ್ಲ. ಭುಜ ಮುರಿದುಕೊಂಡ ಕಾರ್ಮಿಕನ ಆಸ್ಪತ್ರೆಯ ಓಡಾಟ ಅವರೇ ಮಾಡಿದ್ದರು. ಎದ್ದು ನಿಂತು ತುಣುಕನ್ನು ನಿಧಾನವಾಗಿ ಓದಿದರು.

“‘ಬಂದಳಿಕೆ ಹಿಡಿದ ಮರ ಉಳಿಯುವುದಿಲ್ಲ. ಅಕ್ಕಪಕ್ಕದ ಮರಗಳಿಗೆ ಹರಡುವ ಮುನ್ನ ಕಡಿಯುವುದೇ ದಾರಿ.’ ಇದು ನಾನ್ ಹೇಳ್ತಿರೋದಲ್ಲ ಸಾರ್. ಇದನ್ನೇ ಓದಿ ಡಾಕ್ಟರೇಟ್ ತಗೊಂಡಿರೋ ವಿಜ್ಞಾನಿ ಹೇಳಿರೋದು.”

“ಆ ವಿಜ್ಞಾನಿ ನಾನ ರಿ” ಎಂದರು ಮೇಡಂ, ಕೂತಲ್ಲಿಂದಲೇ. “ಹೇಳಿದ್ದು ತಪ್ಪು.”

ಕಾರ್ಯದರ್ಶಿ ಜೆರಾಕ್ಸ್‌ನ ಚಿತ್ರವನ್ನು ನೋಡಿದರು, ಮೇಡಂ ಮುಖ ನೋಡಿದರು. ಅವರು ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ದನಿ ಇಳಿಯಿತು.

“ಮೇಡಂ, ಈ ಪೇಪರ್ ನಾನು ಇವತ್ತು ತಂದಿದ್ದಲ್ಲ. ಎಷ್ಟೋ ವರ್ಷದಿಂದ ಬೀರುನಲ್ಲಿ ಇಟ್ಕೊಂಡಿದ್ದೆ. ಇದನ್ನ ನಂಬ್ಕೊಂಡು ನಮ್ಮಪ್ಪ ಹಾಕಿದ್ದ ಎರಡು ಮಾವಿನ ಮರ ಕಡಿಸ್ಬಿಟ್ಟೆ. ಫಲ ಬಿಡ್ತಿದ್ದ ಮರ. ನಮ್ಮಪ್ಪ ನನ್ ಜೊತೆ ಮಾತಾಡ್ದೇನೇ ಹೋದ್ರು.”

ಮೇಡಂ ಎದ್ದು ನಿಂತರು.

“ಅವು ಎಲಿ ತುಂಬಿದ್ವೇನು?”

“ಒಂದರಲ್ಲಿ ತುಂಬ್ಕೊಂಡಿತ್ತು ಮೇಡಂ.”

“ಹಂಗಾರ ಅದನ್ನ ಕಡಿದಾಕಿ ನಾನ. ನಿಮ್ಮ ತಂದಿಯವರ ಮುಂದ ಹೇಳಬೇಕಿತ್ತು, ಅದು ಆಗಲಿಲ್ಲ. ನಿಮ್ಮ ಮುಂದ ಹೇಳ್ತೀನಿ. ತಪ್ಪಾತ್ರಿ.”

ಕೈ ಮುಗಿದರು. ಕಾರ್ಯದರ್ಶಿ, “ಅಯ್ಯೋ ಕೂತ್ಕೊಳ್ಳಿ ಮೇಡಂ” ಎಂದು ತಾವೇ ಕುರ್ಚಿ ಸರಿಸಿದರು.

ಅಧಿಕಾರಿಯ ಕಷ್ಟ ಬೇರೆ. “ಅವತ್ತು ಹೇಳಿದ್ದೂ ನೀವೇ, ಇವತ್ತು ಹೇಳ್ತಿರೋದೂ ನೀವೇ. ಫೈಲಲ್ಲಿ ಎರಡೂ ಇರುತ್ತೆ. ನಾನು ಯಾವುದನ್ನ ಹಿಡ್ಕೊಳ್ಳಲಿ ಮೇಡಂ?”

“ಎರಡೂ ಬಿಡ್ರಿ ಸಾಹೇಬ್ರ. ಎದುರಿನ ಕಾರ್ಖಾನಿ ಮಾಳಿಗಿ ಮ್ಯಾಲೆ ಹೋಗೂಣು ಬರ್ರಿ.”

ಹಿಂದಿನ ಸಾಲಿನಿಂದ ಸಿಂಧನೂರು ಕಡೆಯ ಒಬ್ಬ ಹೆಣ್ಣುಮಗಳು ಎದ್ದಳು. “ನಮಗ ಬಂದಳಿಕಿ ಗಿಂದಳಿಕಿ ತಿಳಿಯಂಗಿಲ್ರಿ ಸರ. ಊಟದ ಹೊತ್ತಿಗೆ ನೆಳ್ಳು ಎಲ್ಲಿ ಹುಡುಕಬೇಕು, ಅದೊಂದ ಹೇಳಿ ಹೋಗ್ರಿ.” ಅಧಿಕಾರಿ ಅದನ್ನೂ ಬರೆದುಕೊಂಡರು.

ಎದುರಿನ ಕಾರ್ಖಾನೆ ಕಾರ್ಯದರ್ಶಿಯದೇ. ಮೂರು ಮಹಡಿ, ಲಿಫ್ಟ್ ಇಲ್ಲ. ಮೇಡಂ ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡರು. ಅವರಿಗೆ ಹೃದಯದ ತೊಂದರೆ ಆಗಲೇ ಗೊತ್ತಾಗಿತ್ತು ಎಂದು ಮಗಳು ಹೇಳಿದ್ದು ಆಮೇಲೆ. ಆ ದಿನ ಅವರು, “ಬೂಟು ಹೊಸಾವು, ಕಚ್ತಾವು” ಎಂದಷ್ಟೇ ಹೇಳಿದರು.

ತಾರಸಿಯಿಂದ ಹೊಂಗೆಯ ಸಾಲು ಕಾಲ ಕೆಳಗೆ ಹರಡಿತ್ತು. ರಸ್ತೆಯಲ್ಲಿ ನಿಂತಾಗ ನಮಗೆ ಕಂಡದ್ದು ಬೋಳಾದ ಐದು ಮರಗಳಲ್ಲಿದ್ದ ಬಂದಳಿಕೆಯ ಗೊಂಚಲು. ಮೇಲಿನಿಂದ ನೋಡಿದರೆ ದಟ್ಟ ಹಸಿರಿನ ಹನ್ನೆರಡು ಮರಗಳಲ್ಲೂ ಅಲ್ಲಲ್ಲಿ ಬೇರೆ ಬಣ್ಣದ ತೇಪೆಗಳು ಕಂಡವು. ಎಲೆ ದಪ್ಪ, ಸ್ವಲ್ಪ ಬೂದು, ನಡುವೆ ಕಿತ್ತಳೆಯ ಹೂ. ಮೇಡಂ ತಾವು ಎಣಿಸಲಿಲ್ಲ. ಎಣಿಸಿ ಎಂದು ಅಧಿಕಾರಿಗೂ ಕಾರ್ಯದರ್ಶಿಗೂ ಬೇರೆ ಬೇರೆಯಾಗಿ ಹೇಳಿದರು. ಅಧಿಕಾರಿ ಒಂಬತ್ತು ಹಸಿರು ಮರಗಳಲ್ಲಿ ಇದೆ ಎಂದರು. ಕಾರ್ಯದರ್ಶಿ ಹತ್ತು ಎಂದರು. ಇಬ್ಬರೂ ಮತ್ತೆ ಎಣಿಸಿ ಹತ್ತಕ್ಕೆ ಒಪ್ಪಿದರು.

“ಇದು ಇಷ್ಟಿದ್ರೂ ಇವು ಹೆಂಗೆ ಚೆನ್ನಾಗಿವೆ ಮೇಡಂ?” ಎಂದರು ಕಾರ್ಯದರ್ಶಿ. ಬೋಳು ಮರಗಳ ಬುಡದ ಕಡೆ ನೋಡಿ ಅವರೇ, “ಆ ಐದೂ ಚರಂಡಿ ಕಡೆ ಇದಾವೆ. ಹೋದ ವರ್ಷ ನಾವೇ ಚರಂಡಿ ತೋಡಿ ಬುಡದ ತನಕ ಕಾಂಕ್ರೀಟ್ ಹಾಕ್ಸಿದ್ವಿ” ಎಂದರು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಗೆದ್ದೆ ಎಂದುಕೊಳ್ಳುತ್ತಿದ್ದರು. ಮೇಡಂ ತಲೆಯಾಡಿಸಿದರು. “ಚರಂಡಿನ ಕೊಂದೈತಿ ಅಂತಾನೂ ನಾ ಹೇಳೂದಿಲ್ಲ. ಒಮ್ಮೆ ಹಂಗ ಕಂಡಿದ್ದನ್ನ ಹಿಡ್ಕೊಂಡು ಹೇಳೇ ಕೆಟ್ಟೀನಿ. ಕಾಂಕ್ರೀಟ್ ಒಡಸ್ರಿ, ಒಣ ಕೊಂಬಿ ಅಷ್ಟ ತಗೀರಿ, ಎರಡು ವರ್ಷ ನೋಡೂಣು.”

ಅಧಿಕಾರಿಯ ಆದೇಶ ಹಾಗೇ ಬಂತು. ಅರ್ಜಿ ತಿರಸ್ಕಾರವಾಗಲಿಲ್ಲ, ಎರಡು ವರ್ಷ ತಡೆಹಿಡಿಯಲಾಯಿತು. ಆರು ತಿಂಗಳಿಗೊಮ್ಮೆ ಮರಗಳ ಸ್ಥಿತಿಯ ವರದಿ ಕೊಡಬೇಕು, ನಾಲ್ಕನೆಯದರ ನಂತರ ತೀರ್ಮಾನ. ವರದಿಯ ನಮೂನೆಯನ್ನು ಮೇಡಂ ಸಿದ್ಧ ಮಾಡಿದರು. ಮರದ ಸಂಖ್ಯೆ, ನೆಲದಿಂದ ಕಂಡ ಬಂದಳಿಕೆ, ಮಾಳಿಗೆಯಿಂದ ಕಂಡ ಬಂದಳಿಕೆ, ಮರ ಬದುಕಿದೆಯೋ ಸತ್ತಿದೆಯೋ, ಸತ್ತಿದ್ದರೆ ಕಾರಣ. ತಾರಸಿಯ ಬೀಗದ ಕೈ ಕಾರ್ಯದರ್ಶಿಯ ಬಳಿ ಇದ್ದುದರಿಂದ ಪ್ರತಿ ಸಲವೂ ಅವರು ಜೊತೆಗೆ ಇರಬೇಕಾಯಿತು. ಆ ಮರಗಳ ಸುದ್ದಿಯ ಜೊತೆಗೆ ಮೇಡಂ ತಮ್ಮ ಹಳೆಯ ಮಾತನ್ನು ಹಿಂತೆಗೆದುಕೊಂಡದ್ದೂ ನಮ್ಮ ಪತ್ರಿಕೆಯಲ್ಲಿ ಬಂತು, ಆರನೆಯ ಪುಟದಲ್ಲಿ. ಅದನ್ನು ಕತ್ತರಿಸಿ ಬೀರುವಿನಲ್ಲಿಟ್ಟವರು ಯಾರಾದರೂ ಇದ್ದಾರೋ ತಿಳಿಯದು.

ಮೂರು ಸಲ ಎಣಿಕೆ ಆಯಿತು. ಎರಡನೆಯ ಸಲ ನಾನೂ ಇದ್ದೆ. ಕಾರ್ಯದರ್ಶಿ ಗಟ್ಟಿಯಾಗಿ ಸಂಖ್ಯೆ ಹೇಳುವುದು, ಮೇಡಂ ಪೆನ್ಸಿಲಿನಲ್ಲಿ ಬರೆಯುವುದು. ಎಣಿಕೆ ಆತುರವಾದರೆ ಮೇಡಂ, “ಲೇತ್ ಮಷಿನ್ ಅಲ್ರೀ ಇದು, ಸಾವಕಾಶ” ಎನ್ನುವರು. ಕಾರ್ಯದರ್ಶಿ, “ನೀವು ಮೂರು ವರ್ಷ ತಪ್ಪು ಎಣಿಸಿದ್ರಿ, ನಾನು ಮೂರು ನಿಮಿಷ ತಪ್ಪು ಎಣಿಸಬಾರ್ದಾ ಮೇಡಂ?” ಎನ್ನುವರು. ಈ ಮಾತಿಗೆ ಮೇಡಂ ಜೋರಾಗಿ ನಕ್ಕದ್ದನ್ನು ಕಂಡಿದ್ದೇನೆ. ಮೂರನೆಯ ಸಲ ಅವರು ತಾರಸಿ ಹತ್ತಲಿಲ್ಲ. ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಕಾರ್ಯದರ್ಶಿ ಮೇಲಿನಿಂದ ಕೂಗಿ ಹೇಳಿದರು.

ನಾಲ್ಕನೆಯದಕ್ಕೆ ಅವರು ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಕಾರ್ಯದರ್ಶಿಯ ಫೋನ್ ಬಂತು. ವರದಿ ಕೊಡುವ ದಿನ ಹತ್ತಿರ ಬಂದಿದೆ, ಬೇರೆ ವಿಜ್ಞಾನಿ ಸಿಗಲಿಲ್ಲ, ನಾನೇ ಎಣಿಸಿದ್ದೇನೆ ಎಂದರು. ಅರ್ಜಿ ಅವರದು. ಮರಗಳು ಸಾಯುತ್ತಿವೆ ಎಂದು ಬರೆದರೆ ಲಾಭ ಅವರಿಗೇ. ಕೇಳುವವರು ಯಾರೂ ಇರಲಿಲ್ಲ.

“ಹದಿನೇಳರಲ್ಲಿ ಹದಿನೈದು ಬದುಕಿವೆ ಸಾರ್. ಬೋಳಾಗಿದ್ದ ಐದರಲ್ಲಿ ನಾಲ್ಕು ಚಿಗುರಿವೆ, ಒಂದು ಹೋಯ್ತು. ಅದರ ತುಂಬಾ ಬಂದಳಿಕೆ ಇತ್ತು. ಇನ್ನೊಂದು ಹೋಗಿದ್ದು ಆ ಕಡೇದು, ಹಸಿರಾಗಿದ್ದಿದ್ದು. ಅದರಲ್ಲಿ ಬಂದಳಿಕೆ ಮೇಲಿಂದ ನೋಡಿದ್ರೂ ಇರ್ಲಿಲ್ಲ, ಕೆಳಗಿಂದ ನೋಡಿದ್ರೂ ಇರ್ಲಿಲ್ಲ. ಚರಂಡಿನೂ ಅಲ್ಲಿಲ್ಲ. ಅದ್ಯಾಕೆ ಸತ್ತಿತು ಅಂತ ಬರೀಲಿ?”

“ನೀವು ಏನು ನೋಡಿದ್ರೋ ಅದನ್ನ ಬರೀರಿ.”

“ನೋಡಿದ್ದು ಇಷ್ಟೇ ಸಾರ್.”

“ಹಾಗಾದ್ರೆ ಇಷ್ಟೇ ಬರೀರಿ.”

ವಾರದ ನಂತರ ಅಧಿಕಾರಿಯ ಕಚೇರಿಯಲ್ಲಿ ಆ ವರದಿ ನೋಡಿದೆ. ಅರ್ಜಿಯನ್ನು ಮುಕ್ತಾಯಗೊಳಿಸಿ, ಹದಿನೈದು ಮರಗಳನ್ನು ಉಳಿಸಿಕೊಳ್ಳಬೇಕೆಂಬ ಆದೇಶ ಅದರ ಮೇಲಿತ್ತು. ಕೆಳಗೆ ಕಾರ್ಯದರ್ಶಿಯ ಕೈಬರಹದ ನಮೂನೆ. ಹದಿನೇಳು ಸಾಲು, ಸಂಖ್ಯೆಗಳು ಸ್ಪಷ್ಟ. ಕಾರಣದ ಅಂಕಣದಲ್ಲಿ ಸತ್ತ ಮೊದಲ ಮರದ ಎದುರು ಬಂದಳಿಕೆ ಎಂದು ಬರೆದು, ಅದರ ಮೇಲೆ ಗೆರೆ ಎಳೆದಿದ್ದರು. ಎರಡನೆಯದರ ಎದುರು ವಯಸ್ಸು ಎಂದು ಬರೆದು, ಅದಕ್ಕೂ ಗೆರೆ ಎಳೆದಿದ್ದರು. ಎರಡರ ಮುಂದೆಯೂ ಮತ್ತೆ ಬರೆದದ್ದು ಒಂದೇ: ‘ಕಾರಣ ಗೊತ್ತಿಲ್ಲ.’ ಪಕ್ಕದಲ್ಲಿ ಸಹಿ ಮತ್ತು ಸಂಘದ ಮೊಹರು.